ಲಿಪಿಕಾರ ಚಪಡನೂ ನಮ್ಮ ಕೈಯ ಲೇಖನಿಯೂ



ಸೇವೆಯಿಂದ ನಿವೃತ್ತರಾದ ಹಿರಿಯರಿಗೆ, ಪದವಿ ಪಡೆದ ಮಕ್ಕಳಿಗೆ, ಸನ್ಮಾನಿತರಾದ ಗಣ್ಯರಿಗೆ ಬೆಲೆಬಾಳುವ ದೊಡ್ಡ ಫೌಂಟನ್ ಪೆನ್ನೊಂದನ್ನು ಉಡುಗೊರೆಯಾಗಿ ಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಕೈಬರೆಹವೇ ಕ್ಷೀಣಿಸುತ್ತಿರುವ ಈ ದಿನಗಳಲ್ಲಿ ಅಂತಹ ಲೇಖನಿಯ ಮೇಲಣ ಮೋಹ ಮಾತ್ರ ಕೆಲವರಲ್ಲಿ ಮರಳಿ ಚಿಗುರಿದೆ. ಅದನ್ನು ಕಂಡವರಲ್ಲಿ ಒಬ್ಬರು ಇದು ಬರಿಯ ಆಡಂಬರವೆನ್ನುತ್ತಾರೆ. ಇನ್ನೊಬ್ಬರು ಬರೆಯುವವನಿಗೆ ಒಳ್ಳೆಯ ಸಾಧನ ಬೇಡವೇ ಎಂದು ಕೇಳುತ್ತಾರೆ. ಕಾಯಕವನ್ನು ಗೌರವಿಸುವ ಸಂಪ್ರದಾಯದಲ್ಲಿ ಬೆಳೆದ ನಮಗೆ ಈ ಎರಡು ಮಾತುಗಳೂ ಲಘುವಾದವುಗಳಲ್ಲ. ಸಾವಿರಾರು ರೂಪಾಯಿ ತೆತ್ತು ಒಂದು ಲೇಖನಿಯನ್ನು ಕೊಳ್ಳುವುದು ಉಚಿತವೇ? ಉಚಿತವಾದಲ್ಲಿ ಅದನ್ನು ಆರಿಸುವುದು ಹೇಗೆ? ಅದರಿಂದ ಸಂತೋಷವನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಅಂಗಡಿಯಲ್ಲಿ ಅರಸುವ ಮೊದಲು ಚರಿತ್ರೆಯಲ್ಲಿ ಅರಸುವುದು ಲೇಸು. ಕರ್ನಾಟಕದ ಮಟ್ಟಿಗೆ ಆ ಚರಿತ್ರೆಯ ಮೊದಲ ಪುಟಗಳಲ್ಲೊಂದು ನಮ್ಮ ಮೊಳಕಾಲ್ಮೂರಿನ ಬಂಡೆಗಳ ಮೇಲೆಯೇ ಇದೆ.

ಬ್ರಹ್ಮಗಿರಿಯ ಲಿಪಿಕಾರ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿರುವುದು ತಮಗೆ ತಿಳಿದೇ ಇದೆ. ಅವುಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್ ಅವರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಶಾಸನವು ಒಂದು ಪತ್ರದ ಧಾಟಿಯಲ್ಲಿದೆ ಎಂಬುದನ್ನು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದಲ್ಲಿದ್ದ ಮಹಾಮಾತ್ರರ ಆರೋಗ್ಯವನ್ನು ಮೊದಲು ವಿಚಾರಿಸಿ, ಅನಂತರ ಅರಸನ ಮಾತನ್ನು ತಿಳಿಸುತ್ತಾರೆ. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದೇ ಆ ಮಾತಿನ ಸಾರ.

ಪತ್ರದ ಕೊನೆಯಲ್ಲಿ ಬರೆದವನ ಹೆಸರಿದೆ. ಅವನು ಚಪಡ, ವೃತ್ತಿಯಿಂದ ಲಿಪಿಕಾರ. ಶಾಸನವೆಲ್ಲವೂ ಪ್ರಾಕೃತ ಭಾಷೆಯಲ್ಲಿ, ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿದ್ದರೆ, 'ಲಿಪಿಕಾರನಿಂದ' ಎಂಬ ಅರ್ಥದ ಕಡೆಯ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠೀ ಎಂಬುದು ಗಾಂಧಾರದ ಕಡೆಯ, ಅಂದರೆ ಭರತಖಂಡದ ವಾಯವ್ಯ ಗಡಿಯ ಲಿಪಿ. ಆದುದರಿಂದ ಚಪಡನು ಆ ದೂರದ ಸೀಮೆಯಲ್ಲಿ ಅಕ್ಷರ ಕಲಿತವನಾಗಿರಬೇಕೆಂದು ವಿದ್ವಾಂಸರು ಊಹಿಸಿರುವರು. ಆ ಪ್ರಾಂತದಲ್ಲಿ ಭೂರ್ಜಪತ್ರದ ಮೇಲೆ ಮಸಿಯಿಂದ ಬರೆದ ಖರೋಷ್ಠೀ ಹಸ್ತಪ್ರತಿಗಳು ಮುಂದಿನ ಶತಮಾನಗಳಿಂದ ದೊರೆತಿವೆ.

ಬಂಧುಗಳೇ, ಸ್ವಲ್ಪ ಯೋಚಿಸಿ. ಅಷ್ಟು ದೊಡ್ಡ ಶಾಸನದಲ್ಲಿ ಚಪಡನ ಸ್ವಂತ ಮಾತೆಂದರೆ ಎರಡು ಮೂರು ಪದ ಮಾತ್ರ. ಆದರೆ ಆ ಪದಗಳ ಮೂಲಕ ಅವನು ಹೇಳಿದ್ದೇನು? ಮಾತು ಅರಸನದು, ಬರೆಹ ನನ್ನದು, ಈ ಅಕ್ಷರಗಳಿಗೆ ನಾನು ಹೊಣೆ ಎಂದು. ಅವನ ಕೈಯ ಸಾಧನ ಉಳಿದಿಲ್ಲ. ಅವನ ಹೆಸರೂ ವೃತ್ತಿಯೂ ಉಳಿದಿವೆ. ಲೇಖನಿಯ ಬೆಲೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ಬೇರೊಂದಿಲ್ಲ.

ಕಂಠದಿಂದ ಫೌಂಟನ್ ಪೆನ್ನಿನವರೆಗೆ

ಚಪಡನ ತರುವಾಯ ನಮ್ಮ ನಾಡಿನಲ್ಲಿ ಬರೆಯುವ ಸಾಧನಗಳು ಬಗೆಬಗೆಯಾಗಿ ಬೆಳೆದವು. ತಾಳೆಯೋಲೆಯ ಮೇಲೆ ಉಕ್ಕಿನ ಕಂಠದಿಂದ ಅಕ್ಷರಗಳನ್ನು ಕೊರೆದು, ಬಳಿಕ ಮಸಿ ಬಳಿದು ಅವುಗಳನ್ನು ಕಾಣುವಂತೆ ಮಾಡುತ್ತಿದ್ದರು. ಶರಣರ ವಚನಗಳು ನಮಗೆ ಉಳಿದು ಬಂದದ್ದು ಇಂತಹ ಓಲೆಗಳಲ್ಲಿಯೇ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದುದು ಸರ್ವವಿದಿತ. ಕಾಗದದ ಮೇಲೆ ಬರೆಯಲು ಲೆಕ್ಕಣಿಕೆ ಇತ್ತು. ಜೊಂಡಿನ ಇಲ್ಲವೆ ಬಿದಿರಿನ ಕಡ್ಡಿಯ ತುದಿಯನ್ನು ಚೂಪಾಗಿ ಕೆತ್ತಿ, ನಡುವೆ ಸೀಳಿ, ಮಸಿಕುಡಿಕೆಯಲ್ಲಿ ಅದ್ದಿ ಬರೆಯುವುದು ಅದರ ಕ್ರಮ. ವ್ಯಾಪಾರಿಗಳಿಗೂ ಮಠಗಳಿಗೂ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಚಿ, ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಆಕರಗಳಾಗಿ ಪ್ರಸಿದ್ಧವಾಗಿವೆ.

ಇವೆಲ್ಲವುಗಳಲ್ಲಿಯೂ ಒಂದು ತೊಡಕಿತ್ತು. ಕಂಠಕ್ಕೆ ಬಲ ಬೇಕು. ಲೆಕ್ಕಣಿಕೆಯನ್ನು ಕೆಲವು ಪದಗಳಿಗೊಮ್ಮೆ ಅದ್ದಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಬಂದ ಉಕ್ಕಿನ ನಿಬ್ಬೂ ಅದ್ದುವ ಶ್ರಮವನ್ನು ತಪ್ಪಿಸಲಿಲ್ಲ. ತನ್ನ ಹೊಟ್ಟೆಯಲ್ಲಿಯೇ ಮಸಿಯನ್ನು ತುಂಬಿಕೊಂಡ ಲೇಖನಿಯನ್ನು ನಂಬಿಕೆಗೆ ಅರ್ಹವಾಗುವಂತೆ ರೂಪಿಸಿ ಅಮೆರಿಕೆಯ ಲೂಯಿ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದನು. ನಿಬ್ಬಿನ ಅಡಿಯಲ್ಲಿರುವ ನಾಲಗೆಯಂತಹ ಭಾಗದಲ್ಲಿ ಕೂದಲೆಳೆಯಷ್ಟು ಸಪುರವಾದ ಕಾಲುವೆಗಳಿರುತ್ತವೆ. ಮಸಿ ಹೊರಗೆ ಹರಿದಷ್ಟೂ ಗಾಳಿ ಒಳಗೆ ಸೇರುತ್ತದೆ. ಈ ಕೊಡುಕೊಳೆ ಸಮನಾಗಿದ್ದರೆ ಬರೆಹ ಸರಾಗ. ತಪ್ಪಿದರೆ ಮಸಿ ಕಾರುತ್ತದೆ, ಇಲ್ಲವೆ ಕಟ್ಟಿಕೊಳ್ಳುತ್ತದೆ.

ದೊಡ್ಡ ಲೇಖನಿಯ ಮೆರೆತ ಆರಂಭವಾದುದು ಇದಾದ ಬಳಿಕ. 1921ರಲ್ಲಿ ಪಾರ್ಕರ್ ಕಂಪನಿಯವರು ಡುಯೋಫೋಲ್ಡ್ ಎಂಬ ದಪ್ಪನೆಯ ಕೆಂಪು ಲೇಖನಿಯನ್ನು 7 ಡಾಲರಿಗೆ ಮಾರಾಟಕ್ಕೆ ತಂದರು. ಅಂದಿಗೆ ಅದು ದುಬಾರಿಯೇ. ಜರ್ಮನಿಯ ಮಾಂಟ್‌ಬ್ಲಾಂಕ್ ಕಂಪನಿಯವರ 149 ಎಂಬ ಮಾದರಿ 1952ರಲ್ಲಿ ಬಂದಿತು. ಅದು ಸುಮಾರು 15 ಸೆಂಟಿಮೀಟರ್ ಉದ್ದ, 30 ಗ್ರಾಮಿಗಿಂತ ತುಸು ಹೆಚ್ಚು ತೂಕ. ಆಲ್ಪ್ಸ್ ಪರ್ವತದ ಮಾಂಟ್‌ಬ್ಲಾಂಕ್ ಶಿಖರದ ಎತ್ತರವೆಂದು 4810 ಎಂಬ ಅಂಕಿಯನ್ನು ಅದರ ಚಿನ್ನದ ನಿಬ್ಬಿನ ಮೇಲೆ ಕೊರೆದಿರುತ್ತಾರೆ. ಈಗಲೂ ಅದು ಭಾರೀ ಬೆಲೆಯ ವಸ್ತು.

ಒಬ್ಬ ಮಹಾತ್ಮನ ಹೆಸರಿನಲ್ಲಿ ಎರಡು ಲೇಖನಿಗಳು

ಬೆಲೆಯ ಪ್ರಶ್ನೆಗೆ ಉತ್ತರವಾಗಿ ನಮ್ಮ ದೇಶದಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ತಮ್ಮ ಮುಂದಿಡುತ್ತೇನೆ.

ನೆರೆಯ ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಎಂಬುವರು ಸ್ವದೇಶೀ ಚಳವಳಿಯ ಪ್ರೇರಣೆಯಿಂದ 1930ರ ದಶಕದ ಮೊದಲಲ್ಲಿ ಫೌಂಟನ್ ಪೆನ್ನುಗಳನ್ನು ಕೈಯಿಂದಲೇ ತಯಾರಿಸತೊಡಗಿದರು. ಅವರ ಲೇಖನಿಯೊಂದು ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ. ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಯವರಿಗೆ ತಲಪಿತು. ಗಾಂಧೀಜಿಯವರು ಅದನ್ನು ಬಳಸಿ ನೋಡಿ, ವಿದೇಶೀ ಲೇಖನಿಗಳಿಗೆ ಅದು ಒಳ್ಳೆಯ ಬದಲಿಯಾಗಿ ತೋರುತ್ತದೆಂದು 1935ರಲ್ಲಿ ರತ್ನಂ ಅವರಿಗೆ ಪತ್ರ ಬರೆದರು. ಮೊದಲು ಬಳಕೆ, ಅನಂತರ ಮೆಚ್ಚುಗೆ. ಈ ಕ್ರಮವನ್ನು ನೆನಪಿಡತಕ್ಕದ್ದು.

ಎರಡನೆಯ ಪ್ರಸಂಗ 2009ರದು. ಮಾಂಟ್‌ಬ್ಲಾಂಕ್ ಕಂಪನಿಯವರು ಗಾಂಧೀಜಿಯವರ ಹೆಸರಿನಲ್ಲಿ ಚಿನ್ನದ ಲೇಖನಿಯೊಂದನ್ನು ಹೊರತಂದರು. ದಂಡಿ ಯಾತ್ರೆಯ 241 ಮೈಲಿಗಳ ನೆನಪಿಗಾಗಿ 241 ಲೇಖನಿಗಳು. ಒಂದೊಂದರ ಬೆಲೆ ಹತ್ತು ಲಕ್ಷ ರೂಪಾಯಿಗೂ ಮೀರಿದ್ದು. ಉಪ್ಪಿನ ಮೇಲಣ ತೆರಿಗೆಯನ್ನು ಪ್ರತಿಭಟಿಸಿ ನಡೆದವರ ಹೆಸರಿನಲ್ಲಿ ಇಂತಹ ವಸ್ತುವೇ ಎಂದು ಆಕ್ಷೇಪಗಳು ಎದ್ದವು. ವಿಷಯ ಕೇರಳದ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. 2010ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು.

ಎರಡೂ ಕುಶಲಿಗಳು ಮಾಡಿದ ಲೇಖನಿಗಳೇ. ಒಂದನ್ನು ಬರೆಯುವುದಕ್ಕಾಗಿ ಮಾಡಿದ್ದರು; ಇನ್ನೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕಾಗಿ. ಬೆಲೆ ಹೆಚ್ಚಾದ ಮಾತ್ರಕ್ಕೆ ದೋಷವಿಲ್ಲ. ಬಳಕೆಯಿಂದ ದೂರವಾದಷ್ಟೂ ಲೇಖನಿಯು ಒಡವೆಯಾಗುತ್ತ ಹೋಗುತ್ತದೆ. ನಿತ್ಯ ಬರೆಯುವವನಿಗೆ ಹತ್ತು ಸಾವಿರದ ಲೇಖನಿಯೂ ಅಗ್ಗ, ಬರೆಯದವನಿಗೆ ನೂರು ರೂಪಾಯಿಯದೂ ದುಂದು.

ಆರಿಸುವ ಬಗೆ

ಹಾಗಾದರೆ ಬರೆಯುವ ಸಂಕಲ್ಪವುಳ್ಳವರು ದೊಡ್ಡ ಲೇಖನಿಯನ್ನು ಹೇಗೆ ಆರಿಸಬೇಕು? ಇದರಲ್ಲಿ ನಮ್ಮ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾದ್ದು ಬಹಳವಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳುವ ತಾಯಂದಿರು ಹೊರಗಣ ಹೊಳಪಿಗೆ ಮರುಳಾಗದೆ ಸೆರಗನ್ನು ಮಗುಚಿ ನೋಡುತ್ತಾರೆ. ಚಳ್ಳಕೆರೆಯ ಕಂಬಳಿಯನ್ನು ಕೊಳ್ಳುವ ರೈತನು ಅದನ್ನು ಹೆಗಲ ಮೇಲೆ ಹಾಕಿ ಹದ ನೋಡುತ್ತಾನೆ. ಲೇಖನಿಯಲ್ಲಿಯೂ ಅದೇ ವಿವೇಕ ಬೇಕು.

ಮೊದಲನೆಯದು ಗಾತ್ರ ಮತ್ತು ತೂಕ. ದಪ್ಪನಾದ ಲೇಖನಿಯನ್ನು ಬಿಗಿಯಾಗಿ ಹಿಡಿಯಬೇಕಾಗಿಲ್ಲವಾದ್ದರಿಂದ ವಯಸ್ಸಾದ ಬೆರಳುಗಳಿಗೆ ಅದು ಹಿತ. ಆದರೆ ಭಾರ ಹಿಂಬದಿಗೆ ವಾಲಿದರೆ ಒಂದು ಪುಟ ಮುಗಿಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಮುಚ್ಚಳವನ್ನು ಹಿಂದೆ ಸಿಕ್ಕಿಸಿ ಒಮ್ಮೆ, ತೆಗೆದು ಒಮ್ಮೆ ಬರೆದು ನೋಡಿರಿ. ಹೆಸರನ್ನಷ್ಟೇ ಗೀಚಿ ನಿರ್ಧರಿಸಬೇಡಿರಿ. ಹತ್ತು ಸಾಲುಗಳಾದರೂ ಬರೆಯಿರಿ.

ಎರಡನೆಯದು ನಿಬ್ಬು. ಚಿನ್ನದ ನಿಬ್ಬು ಬಳಕೆಗೆ ಬಂದುದು ಮುಖ್ಯವಾಗಿ ಹಿಂದಿನ ಮಸಿಗಳ ಆಮ್ಲವು ಉಕ್ಕನ್ನು ತಿನ್ನುತ್ತಿದ್ದುದರಿಂದ. 14 ಕ್ಯಾರೆಟ್ ಎಂದರೆ ಸಾವಿರ ಭಾಗದಲ್ಲಿ 585 ಭಾಗ ಚಿನ್ನ. 18 ಕ್ಯಾರೆಟ್ ಎಂದರೆ 750 ಭಾಗ. ಆದರೆ ಕಾಗದವನ್ನು ಮುಟ್ಟುವುದು ಚಿನ್ನವಲ್ಲ. ತುದಿಗೆ ಬೆಸೆದಿರುವ, ರಾಗಿ ಕಾಳಿಗಿಂತಲೂ ಚಿಕ್ಕದಾದ, ಇರಿಡಿಯಂ ಜಾತಿಯ ಗಟ್ಟಿ ಲೋಹದ ಬಿಂದು. ಅದನ್ನು ನಯವಾಗಿ ಉಜ್ಜಿದ್ದರೆ ತುಕ್ಕು ಹಿಡಿಯದ ಉಕ್ಕಿನ ನಿಬ್ಬೂ ಸೊಗಸಾಗಿ ಬರೆಯುತ್ತದೆ. ನಮ್ಮ ಕನ್ನಡದ ಅಕ್ಷರಗಳು ದುಂಡು, ಒತ್ತಕ್ಷರಗಳು ಚಿಕ್ಕವು. ಅಗಲವಾದ ನಿಬ್ಬಿನಿಂದ ಬರೆದರೆ ಒಳಗಿನ ಸೊನ್ನೆಗಳು ಮಸಿಯಿಂದ ತುಂಬಿಹೋಗಿ, ಓದುವವರಿಗೆ ತೊಡಕಾಗುತ್ತದೆ. ಆದುದರಿಂದ ಕನ್ನಡಕ್ಕೆ ಸಣ್ಣ ಅಥವಾ ಮಧ್ಯಮ ಮೊನೆ ಒಪ್ಪುತ್ತದೆ. ಅಗಲ ಮೊನೆಯನ್ನು ಸಹಿಗೂ ಶೀರ್ಷಿಕೆಗೂ ಮೀಸಲಿಡಬಹುದು.

ಮೂರನೆಯದು ಒಡಲು. ರಬ್ಬರಿಗೆ ಹೆಚ್ಚು ಗಂಧಕವನ್ನು ಬೆರೆಸಿ ದೀರ್ಘಕಾಲ ಕಾಯಿಸಿದರೆ ಎಬೊನೈಟ್ ಎಂಬ ಗಟ್ಟಿ ಪದಾರ್ಥವಾಗುತ್ತದೆ. ನಮ್ಮ ದೇಶದ ಕುಶಲಿಗಳು ಅದನ್ನು ತಿರುಗಣೆಯಲ್ಲಿ ಕಡೆದು ದೊಡ್ಡ ಲೇಖನಿಗಳನ್ನು ಈಗಲೂ ಮಾಡುತ್ತಿರುವರು. ವಿದೇಶದ ಹೆಸರಾಂತ ಲೇಖನಿಗಳ ಬೆಲೆಯ ಸಣ್ಣದೊಂದು ಅಂಶಕ್ಕೆ ಅವು ದೊರೆಯುತ್ತವೆ. ಅದು ಕೈಗೆ ಬೆಚ್ಚಗೆ, ಹಗುರ. ಬಿಸಿಲಿಗೆ ಇಟ್ಟರೆ ಮಾತ್ರ ಬಣ್ಣ ಮಾಸುತ್ತದೆ. ಕೆಲವಕ್ಕೆ ಪಿಚಕಾರಿಯಂತಹ ಯಂತ್ರವಿರುತ್ತದೆ. ಕೆಲವಕ್ಕೆ ಹನಿಗೊಳವೆಯಿಂದ ನೇರವಾಗಿ ಒಡಲಿಗೇ ಮಸಿ ತುಂಬಬೇಕು. ಎರಡನೆಯ ಬಗೆಯದು ಬಹಳ ಮಸಿಯನ್ನು ಹಿಡಿಯುತ್ತದೆ. ಆದರೆ ಮಸಿ ತಗ್ಗಿದಾಗ ಕೈಯ ಕಾವಿಗೆ ಒಳಗಣ ಗಾಳಿ ಹಿಗ್ಗಿ ಹನಿ ಉದುರುವುದುಂಟು. ಕಾಲು ಭಾಗ ಉಳಿದಾಗಲೇ ತುಂಬಿಕೊಂಡರೆ ಈ ತೊಂದರೆ ಇಲ್ಲ.

ಅನುಭವಿಸುವ ಬಗೆ

ಕೊಂಡ ಮೇಲೆ ಲೇಖನಿಗೂ ಒಂದು ನಿತ್ಯನಿಯಮ ಬೇಕು. ಫೌಂಟನ್ ಪೆನ್ನಿಗಾಗಿ ಮಾಡಿದ ಮಸಿಯನ್ನೇ ಹಾಕಬೇಕು. ಮಸಿಯೆಂಬ ಹೆಸರುಳ್ಳದ್ದೆಲ್ಲ ಲೇಖನಿಗೆ ಸಲ್ಲುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯು 1962ರ ಚುನಾವಣೆಯಿಂದ ದೇಶಕ್ಕೆಲ್ಲ ಒದಗಿಸುತ್ತಿರುವ ಅಳಿಸಲಾಗದ ಮಸಿ ಬೆರಳಿಗೆ ಯೋಗ್ಯ, ನಿಬ್ಬಿಗಲ್ಲ. ಚಿತ್ರಕಾರರು ಬಳಸುವ, ನೀರಿಗೆ ಕರಗದ ಮಸಿಯೂ ಸಪುರ ಕಾಲುವೆಗಳನ್ನು ಕಟ್ಟಿಬಿಡುತ್ತದೆ. ಚಳ್ಳಕೆರೆ, ಮೊಳಕಾಲ್ಮೂರುಗಳದು ಮಳೆ ಕಡಿಮೆಯ ಒಣ ಹವೆ. ಬರೆಯುತ್ತ ಯೋಚನೆಗೆ ತೊಡಗಿದರೆ ಮುಚ್ಚಳವನ್ನು ಹಾಕಿ ಯೋಚಿಸಿರಿ. ತಿಂಗಳಿಗೊಮ್ಮೆ ತಣ್ಣೀರಿನಿಂದ ತೊಳೆಯಿರಿ. ಬರೆಯುವಾಗ ಒತ್ತಬೇಡಿರಿ, ಓರೆಯಾಗಿ ಹಿಡಿದು ಕಾಗದದ ಮೇಲೆ ನಡೆಯಗೊಟ್ಟರೆ ಸಾಕು, ಲೇಖನಿಯ ಸ್ವಂತ ಭಾರವೇ ಬರೆಯುತ್ತದೆ. ದೊಡ್ಡ ಲೇಖನಿಯ ನಿಜವಾದ ಸುಖ ಇರುವುದು ಇಲ್ಲಿಯೇ. ಅದು ಕೈಯ ಅವಸರವನ್ನು ತಗ್ಗಿಸುತ್ತದೆ. ಅವಸರ ತಗ್ಗಿದಾಗ ಮನಸ್ಸು ಮಾತನ್ನು ಆರಿಸಿಕೊಳ್ಳುತ್ತದೆ.

ಅಕ್ಷರದ ಹೊಣೆ

ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಗ್ರಾಮವನ್ನು ತಾವು ಬಲ್ಲಿರಿ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಖ್ಯಾತರಾದ ತ. ಸು. ವೆಂಕಣ್ಣಯ್ಯನವರ ಮನೆತನ ಆ ಊರಿನದು. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಅದೇ ಮನೆತನದ ತ. ರಾ. ಸುಬ್ಬರಾಯರು ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಗಳ ಸಾಲಿನಲ್ಲಿ ಬರೆದರು. ಅವರು 1984ರಲ್ಲಿ ತೀರಿಕೊಂಡ ಮೇಲೆ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇವರ ಬರೆಹವನ್ನು ಓದಿದವರಲ್ಲಿ ಯಾರೂ ಇವರ ಲೇಖನಿಯ ಬೆಲೆಯನ್ನು ವಿಚಾರಿಸುವುದಿಲ್ಲ.

ಆದುದರಿಂದ ಬಂಧುಗಳೇ, ಶಕ್ತಿಯುಳ್ಳವರು ಒಳ್ಳೆಯ ಲೇಖನಿಯನ್ನು ಸಂಕೋಚವಿಲ್ಲದೆ ಕೊಳ್ಳಿರಿ. ಆದರೆ ಕೊಂಡ ದಿನವೇ ಅದಕ್ಕೆ ಒಂದು ಕಾಯಕವನ್ನು ಗೊತ್ತುಮಾಡಿರಿ. ಮನೆಯ ಲೆಕ್ಕವಾಗಲಿ, ದಿನಚರಿಯಾಗಲಿ, ಹಳೆಯ ಗುರುಗಳಿಗೂ ಸಹಪಾಠಿಗಳಿಗೂ ತಿಂಗಳಿಗೊಂದು ಪತ್ರವಾಗಲಿ, ಊರಿನ ಹಿರಿಯರ ಬಾಯಿಂದ ಕೇಳಿದ ಸಂಗತಿಗಳ ಸಂಗ್ರಹವಾಗಲಿ. ಅಂದವಾಗಿ ಬರೆಯುವ ಕೈಗಳು ಮನೆಮನೆಗಳಲ್ಲಿ ಕಡಿಮೆಯಾಗುತ್ತಿವೆ. ಮಕ್ಕಳ ಮುಂದೆ ಕುಳಿತು ತಾವು ಬರೆದರೆ ಅವರೂ ಬರೆದಾರು. ಜೇಬಿನಲ್ಲಿ ಸಿಕ್ಕಿಸಿಕೊಂಡು ತಿರುಗಿದರೆ ಅವರೂ ಸಿಕ್ಕಿಸಿಕೊಂಡಾರು, ಅಷ್ಟೆ. ಬರೆದುದರ ಕೊನೆಗೆ ತಮ್ಮ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎಲ್ಲಿಂದಲೋ ಬಂದ ಲಿಪಿಕಾರನೊಬ್ಬನು ಮೊಳಕಾಲ್ಮೂರಿನ ಬಂಡೆಯ ಮೇಲೆ ಮಾಡಿದ್ದೂ ಅದನ್ನೇ.