ಬೋರ್ಡು ಸಭೆಯ ಛಾಯಾಚಿತ್ರವೂ ಚರಿತ್ರೆಯ ಪ್ರಮಾಣವೂ

ಶಿಲಾಶಾಸನ, ತಾಮ್ರಪಟ, ಕಡತಗಳಂತೆ ಛಾಯಾಚಿತ್ರವೂ ಚರಿತ್ರಕಾರನಿಗೆ ಒಂದು ಪ್ರಮಾಣವೇ. ಆದರೆ ಅದು ಯಾವ ವಿಷಯದಲ್ಲಿ ಗ್ರಾಹ್ಯ, ಯಾವುದರಲ್ಲಿ ಅಲ್ಲ ಎಂಬ ವಿವೇಚನೆ ಮೊದಲು ನಡೆಯತಕ್ಕದ್ದು. ಬ್ರಿಟಿಷರ ಆಳ್ವಿಕೆಯ ಕಾಲದ ಜಿಲ್ಲಾ ಬೋರ್ಡುಗಳ ಸಭೆಯವೆಂದು ಉಳಿದು ಬಂದಿರುವ ಪಟಗಳು ಇದಕ್ಕೆ ತಕ್ಕ ಉದಾಹರಣೆ.

1882ನೆಯ ಮೇ 18ರಂದು ರಿಪನ್ ಪ್ರಭುವಿನ ಸರಕಾರವು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿತು. ಸರಕಾರಿ ಸದಸ್ಯರು ಮೂರನೆಯ ಒಂದು ಪಾಲನ್ನು ಮೀರಕೂಡದು, ಸಾಧ್ಯವಿದ್ದಲ್ಲಿ ಅಧ್ಯಕ್ಷನೂ ಸರಕಾರಿ ನೌಕರನಲ್ಲದವನೇ ಆಗಿರಬೇಕು ಎಂಬುದು ಅದರ ಆಶಯ. 1884ರಲ್ಲಿ ಮುಂಬಯಿ, ಮದರಾಸು ಪ್ರಾಂತಗಳೆರಡರಲ್ಲಿಯೂ ಲೋಕಲ್ ಬೋರ್ಡುಗಳ ಕಾನೂನುಗಳಾದುವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮೊದಲನೆಯದಕ್ಕೂ, ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಎರಡನೆಯದಕ್ಕೂ ಒಳಪಟ್ಟವು. ರಸ್ತೆ, ಪಾಠಶಾಲೆ, ಔಷಧಾಲಯಗಳ ಹೊಣೆ ಬೋರ್ಡುಗಳಿಗೆ ಬಂದಿತು. ಅಧ್ಯಕ್ಷಪೀಠವು ಮಾತ್ರ ಬಹುಕಾಲ ಕಲೆಕ್ಟರನ ಬಳಿಯೇ ಉಳಿಯಿತು.

ಆ ಕಾಲದ ಗುಂಪುಪಟಗಳಲ್ಲಿ ಈ ಸ್ಥಿತಿಯು ಕಣ್ಣಿಗೆ ಕಟ್ಟುವಂತಿದೆ. ನಡುವಣ ಕುರ್ಚಿಯಲ್ಲಿ ಅಧಿಕಾರಿ, ಇಕ್ಕೆಲಗಳಲ್ಲಿ ಪೇಟ ಧರಿಸಿದ ಸದಸ್ಯರು, ಹಿಂದೆ ನಿಂತ ಗುಮಾಸ್ತರು. ಆದರೆ ಇದು ನಡೆಯುತ್ತಿದ್ದ ಸಭೆಯ ಚಿತ್ರವೆಂದು ಭ್ರಮಿಸಲಾಗದು. ಕೊಠಡಿಯೊಳಗಣ ಬೆಳಕು ಅಂದಿನ ಯಂತ್ರಕ್ಕೆ ಸಾಲದಾಗಿದ್ದುದರಿಂದ ಇಂಥ ಪಟಗಳನ್ನು ಸಾಮಾನ್ಯವಾಗಿ ಜಗುಲಿ, ಅಂಗಳಗಳಲ್ಲಿ, ಎಲ್ಲರನ್ನೂ ಕ್ರಮವಾಗಿ ಕೂರಿಸಿ, ನಿಶ್ಚಲರನ್ನಾಗಿಸಿ ತೆಗೆಯುತ್ತಿದ್ದರು. ಅಂತು ಪ್ರತ್ಯಕ್ಷವಾಗುವುದು ಆಸನಕ್ರಮವೇ ಹೊರತು ವಿಚಾರವಲ್ಲ. ನಡುವಣ ಕುರ್ಚಿಯನ್ನು ಕಂಡು ಸದಸ್ಯರೆಲ್ಲರೂ ಮೂಕರಾಗಿದ್ದರೆನ್ನುವುದೂ, ಪೇಟಗಳ ಸಂಖ್ಯೆಯನ್ನು ಎಣಿಸಿ ಅಧಿಕಾರವು ಜನರದಾಗಿತ್ತೆನ್ನುವುದೂ ಸಮಾನವಾಗಿ ದುಷ್ಟಾನುಮಾನಗಳು. ಯಾರು ಏನು ಸೂಚಿಸಿದರು, ಯಾರು ವಿರೋಧಿಸಿದರು ಎಂಬುದು ಕಾರ್ಯಕಲಾಪದ ಪುಸ್ತಕದಿಂದಲೇ ತಿಳಿಯಬೇಕು.

ಇದಕ್ಕೆ ಪ್ರತಿಯಾಗಿ, ಪರಾಂತಕ ಚೋಳನ ಕಾಲದ ಉತ್ತರಮೇರೂರಿನ 919 ಮತ್ತು 921ರ ಶಾಸನಗಳನ್ನು ನೋಡಬಹುದು. ವಾರಿಯಗಳೆಂಬ ಗ್ರಾಮಸಮಿತಿಗಳಿಗೆ ಹೆಸರಿನ ಓಲೆಗಳನ್ನೆತ್ತಿ ಸದಸ್ಯರನ್ನು ಆರಿಸುವ ವಿಧಿಯೂ, ಸಮಿತಿಯಲ್ಲಿದ್ದು ಲೆಕ್ಕವೊಪ್ಪಿಸದವನು ಮತ್ತೆ ಅರ್ಹನಲ್ಲವೆಂಬ ನಿಯಮವೂ ಅಲ್ಲಿ ಸ್ಪಷ್ಟವಾಗಿವೆ. ಸಭಿಕರ ಮುಖಗಳು ಮಾತ್ರ ಇಲ್ಲ. ಬೋರ್ಡಿನ ಪಟದಲ್ಲಿ ಮುಖಗಳಿವೆ, ವಿಧಿಯಿಲ್ಲ. ಒಂದರ ಕೊರತೆಯನ್ನು ಇನ್ನೊಂದರ ಜಾತಿಯ ಸಾಕ್ಷ್ಯವೇ ತುಂಬಬೇಕು.

ಆದಕಾರಣ ಪಟವನ್ನು ಕಡತದಿಂದ ಅಗಲಿಸಿ ಗೋಡೆಗೆ ತೂಗಹಾಕುವುದು ಪ್ರಮಾಣವನ್ನು ಅಲಂಕಾರವಾಗಿಸಿದಂತೆಯೇ ಸರಿ. ಕುಳಿತವರ ಹೆಸರನ್ನು ಬಲ್ಲ ವೃದ್ಧರು ಇರುವಾಗಲೇ, ನಿಂತವರ ಹೆಸರುಗಳನ್ನೂ ಕೇಳಿ ಬರೆದಿಡತಕ್ಕದ್ದು. ಸಭೆಯ ನಡವಳಿಯನ್ನು ಬರೆದ ಕೈ ಹಲವು ವೇಳೆ ಆ ಹಿಂದಿನ ಸಾಲಿನದೇ ಆಗಿತ್ತು.