ವೈರಲ್

ಮೊದಲೆಲ್ಲ ವೈರಲ್ ಎಂದರೆ ಜ್ವರ. ಮೂಲ ಲ್ಯಾಟಿನ್‌ನ ‘ವೈರಸ್’, ಅರ್ಥ ವಿಷ. ಸಂಸ್ಕೃತದ ‘ವಿಷ’ ಅದರ ದಾಯಾದಿಯೇ. ಮಾರಾಟದ ಮಾತಾಗಿ ‘ವೈರಲ್’ ಹಬ್ಬಿದ್ದು ಹಾಟ್‌ಮೇಲ್‌ನಿಂದ. ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ 1996ರಲ್ಲಿ ಗೆಳೆಯನೊಡನೆ ಶುರುಮಾಡಿದ ಆ ಸೇವೆಯಲ್ಲಿ ಪ್ರತಿ ಇಮೇಲ್‌ನ ಕೊನೆಗೂ ಜಾಹೀರಾತಿನ ಸಾಲೊಂದು ಅಂಟಿಕೊಂಡು ಹೋಗುತ್ತಿತ್ತು. ಬರೆದವರೇ ಪುಕ್ಕಟೆ ಪ್ರಚಾರಕರು.

ಹೊಸಕೋಟೆಯ ಬಿರಿಯಾನಿಗೆ ಆ ಪ್ರಚಾರದ ಕೆಲಸ ಈಗ ರೀಲ್ಸ್‌ನದು. ಭಾನುವಾರ ಕೋಳಿ ಕೂಗುವ ಹೊತ್ತಿಗೇ ದಮ್ ಬಿರಿಯಾನಿಗೆ ಉದ್ದನೆಯ ಕ್ಯೂ. ಹಂಡೆಯ ಮುಚ್ಚಳ ತೆಗೆದಾಗ ಏಳುವ ಹಬೆಯೂ ವಿಡಿಯೊದಲ್ಲಿರುತ್ತದೆ. ಆದರೆ ನನ್ನ ಪ್ರಕಾರ ಜನ ಹಂಚಿದ್ದು ಬಿರಿಯಾನಿಯನ್ನಲ್ಲ, ‘ನಾಲ್ಕು ಗಂಟೆಗೇ ಮಟನ್ನಾ?’ ಎಂಬ ಬೆರಗನ್ನು.

ಕನ್ನಡದಲ್ಲಿ ಪದ ‘ಆಗು’ವಿನ ಜೊತೆ ಬಂತು: ವೈರಲ್ ಆಯ್ತು. ಈಗ ‘ವೈರಲ್ ಮಾಡ್ಕೊಡ್ತೀವಿ ಸಾರ್’ ಎನ್ನುವವರೂ ಇದ್ದಾರೆ. ಅದಕ್ಕೊಂದು ರೇಟೂ ಇದೆ.