ಪುಂಡಿಪಲ್ಯದ ಮೂರು ಹೆಸರುಗಳು

ಹೈದರಾಬಾದಿನ ಊಟದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಿರಿಯಾನಿ, ಹಲೀಮುಗಳಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ನವಾಬರ ದೇವಡಿಗಳ ಅಡಿಗೆಮನೆಗಳಿಗೆ ಕಥೆಗಳಿವೆ, ವರ್ಣನೆಗಳಿವೆ. ಅದೇ ನಗರದ ಕಾಚಿಗುಡದ ಸುತ್ತಮುತ್ತ ನೆಲೆನಿಂತ ಕನ್ನಡ ಮನೆಗಳಲ್ಲಿ ಸಂಜೆಯಾಗುತ್ತಲೇ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದಿಗೆ ಅಂಥ ಭಾಗ್ಯವಿಲ್ಲ. ದಿನನಿತ್ಯದ ರಾತ್ರಿಯೂಟವನ್ನು ಯಾರೂ ಚರಿತ್ರೆಯೆಂದು ಎಣಿಸುವುದಿಲ್ಲ. ಆದರೆ ಈ ನಗರದ ಕನ್ನಡಿಗರ ಮಟ್ಟಿಗೆ ಕಚೇರಿಯ ಕಡತಗಳಿಗಿಂತ ತಾಟಿನೊಳಗಿನ ಪದಾರ್ಥಗಳೇ ಹೆಚ್ಚು ವಿಶ್ವಾಸಾರ್ಹ ದಾಖಲೆಯೆಂದು ನಮಗೆ ತೋರುತ್ತದೆ. ಆಶ್ವಯುಜ, ಕಾರ್ತಿಕಗಳ ಶರದೃತುವಿನಲ್ಲಿ ಆ ದಾಖಲೆ ಇನ್ನಷ್ಟು ಸ್ಪಷ್ಟವಾಗಿ ಓದಲು ಸಿಗುತ್ತದೆ.

ನಿಜಾಮ ಸಂಸ್ಥಾನದಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯೆಂದರೆ ಹೈದರಾಬಾದೇ ಆಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ವಕೀಲರು, ಗುಮಾಸ್ತರು, ವಿದ್ಯಾರ್ಥಿಗಳು ಈ ದಾರಿ ಹಿಡಿದರು. ಸರಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಭಾಷೆಯೂ ಉರ್ದುವೇ. ಕನ್ನಡಕ್ಕೆ ಉಳಿದ ಜಾಗ ಮನೆ. ಮನೆಯೊಳಗೂ ಮುಖ್ಯವಾಗಿ ಅಡಿಗೆಮನೆ. ಮುಂದೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಂಥ ಸಂಸ್ಥೆಗಳು ಕಾಚಿಗುಡದಲ್ಲಿ ತಲೆಯೆತ್ತಿದವು ನಿಜ. ಅವುಗಳ ಹಿಂದಿನ ಹಿರಿಯರ ಹೆಸರುಗಳು ನಮಗೆ ಗೊತ್ತಿವೆ. ಅವರ ಮನೆಗಳಲ್ಲಿ ರೊಟ್ಟಿ ಬಡಿದವರ ಹೆಸರುಗಳು ಗೊತ್ತಿಲ್ಲ.

ಊರಿಂದ ಬರುವವರ ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ ಇರುತ್ತಿದ್ದುದರ ಕಾರಣ ಸರಳ: ಅವು ವಾರಗಟ್ಟಲೆ ಕೆಡುವುದಿಲ್ಲ. ಆದರೆ ಸೊಪ್ಪನ್ನು ಗಂಟು ಕಟ್ಟಿ ತರಲಾಗದು. ಅದು ನಗರದ ಬಜಾರಿನಲ್ಲಿಯೇ ಸಿಗಬೇಕು. ಅಲ್ಲಿಯೇ ನಮ್ಮ ಕಥೆಯ ಸ್ವಾರಸ್ಯವಿದೆ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ, ಜೋಳ ತೊಗರಿಗಳ ಸಾಲುಗಳ ನಡುವೆ ಬೆಳೆದು, ಮಹಾನವಮಿಯ ಹೊತ್ತಿಗೆ ಎಲೆ ತುಂಬಿ ನಿಲ್ಲುವ ಹುಳಿ ಸೊಪ್ಪನ್ನು ನಾವು ಪುಂಡಿ ಎನ್ನುತ್ತೇವೆ. ಅದರ ನಾರಿನಿಂದ ಹಗ್ಗ, ಎಲೆಯಿಂದ ಪಲ್ಯ. ಹೈದರಾಬಾದಿನ ಉರ್ದುವಿನಲ್ಲಿ ಅದು ಅಂಬಾಡಾ; ಮಾಂಸದೊಡನೆ ಬೆಂದು ಹಳೆಯ ಮುಸ್ಲಿಂ ಮನೆಗಳ ಮೆಚ್ಚಿನ ಸಾರಾಗುತ್ತದೆ. ಕರಾವಳಿ ಆಂಧ್ರದ ತೆಲುಗರಿಗೆ ಗೋಂಗೂರ. ತೆಲಂಗಾಣದ ಹಳ್ಳಿಯವರು ಮಾತ್ರ ಪುಂಟಿಕೂರ ಎನ್ನುತ್ತಾರೆ. ಪುಂಡಿ, ಪುಂಟಿ: ಕಿವಿಗೆ ಇವು ಎರಡಲ್ಲ. ಭಾಷಾವಾರು ನಕ್ಷೆಯಲ್ಲಿ ಗೆರೆ ಕನ್ನಡಕ್ಕೂ ತೆಲುಗಿಗೂ ನಡುವೆ ಬೀಳುತ್ತದೆ. ಈ ಸೊಪ್ಪಿನ ನಕ್ಷೆಯಲ್ಲಿ ಗೆರೆ ತೆಲುಗಿನ ಒಳಗೇ ಹಾದುಹೋಗಿ, ತೆಲಂಗಾಣವನ್ನು ನಮ್ಮ ಕಡೆಗೆ ಸೇರಿಸುತ್ತದೆ.

ಮಾಡುವ ಕ್ರಮವನ್ನೂ ಹೇಳಿಬಿಡುವುದು ಲೇಸು. ಸೊಪ್ಪನ್ನು ಬಿಡಿಸಿ ತೊಳೆದು, ಒಮ್ಮೆ ಕುದಿಸಿ ಆ ನೀರನ್ನು ಚೆಲ್ಲಬೇಕು, ಇಲ್ಲವಾದರೆ ಹುಳಿ ಮಿತಿಮೀರುತ್ತದೆ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿಗಳನ್ನು ಮೆತ್ತಗೆ ಬೇಯಿಸಿ ಸೊಪ್ಪಿನೊಡನೆ ಚೆನ್ನಾಗಿ ಕಡೆಯಬೇಕು. ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿಯಲ್ಲಿ ಜಿಪುಣತನ ಸಲ್ಲದು. ನುಚ್ಚು ಹಾಕುವುದು ನಮ್ಮ ಕಡೆಯ ಗುರುತು. ಬೇಳೆಯಷ್ಟೇ ಹಾಕಿದರೆ ಅದು ತೆಲಂಗಾಣದ ಪಪ್ಪಿಗೆ ಹತ್ತಿರವಾಗುತ್ತದೆ, ಅದೂ ಕೆಟ್ಟದ್ದೇನಲ್ಲ. ಬಿಸಿ ರೊಟ್ಟಿಯ ಮೇಲೆ ಈ ಪಲ್ಯ, ಅದರ ನಡುವೆ ಗುಳಿ ಮಾಡಿ ಹಸಿ ಎಣ್ಣೆ, ಪಕ್ಕದಲ್ಲಿ ಉಳ್ಳಾಗಡ್ಡಿ. ಎಣ್ಣೆಗಾಯಿಯ ಕಥೆಯೂ ಹೀಗೆಯೇ: ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ ಸೇರಿದ ನಮ್ಮ ಬದನೆಕಾಯಿ ಇಲ್ಲಿಯ ಉರ್ದು ಮನೆಗಳಲ್ಲಿ ಬಘಾರೆ ಬೈಂಗನ್ ಆಗುತ್ತದೆ. ನಾವು ಚೂರು ಬೆಲ್ಲ ಹಾಕುತ್ತೇವೆ, ಅಷ್ಟೇ ವ್ಯತ್ಯಾಸ. ಯಾರಿಂದ ಯಾರು ಕಲಿತರೆಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಶೇಂಗಾ, ಮೆಣಸಿನಕಾಯಿಗಳೆರಡೂ ಅಮೆರಿಕದಿಂದ ಬಂದವು. ಈ ಋತುವಿನಲ್ಲಿ ನಗರದ ಬೀದಿಗಳನ್ನು ತುಂಬುವ ಸೀತಾಫಲವೂ, ಹೆಸರಿನಲ್ಲಿ ಸೀತೆಯಿದ್ದರೂ, ಅಲ್ಲಿಯದೇ.

ನಿಜಾಮರ ಆಡಳಿತಕ್ಕೂ ಶರತ್ತಿಗೂ ಒಂದು ನಂಟಿತ್ತು. ಅವರ ಫಸಲಿ ವರ್ಷ ಅಕ್ಟೋಬರ್ 6ರ ಸುಮಾರಿಗೆ ಹೊಸದಾಗುತ್ತಿತ್ತು. ನಮ್ಮ ‘ಫಸಲು’ ಎಂಬ ಮಾತಿಗೂ ಅದೇ ಮೂಲ. ಹೆಸರು, ಸಜ್ಜೆ ಮನೆಗೆ ಬಂದು, ಕರಿಯ ನೆಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆಯುವ ಕಾಲವಿದು. ಸೀಗಿ ಹುಣ್ಣಿಮೆಯ ದಿನ ಊರಲ್ಲಿ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ಬಗೆಬಗೆಯ ಅಡಿಗೆ ಮಾಡಿ ಹೊಲಕ್ಕೊಯ್ದು ಚರಗ ಚೆಲ್ಲುತ್ತಾರೆ; ಉಳಿದುದನ್ನು ಬಂಧುಬಳಗ ಕೂಡಿ ಉಣ್ಣುತ್ತದೆ. ಹೊಲವಿಲ್ಲದ ನಗರದಲ್ಲಿ ಚರಗ ಚೆಲ್ಲುವುದು ಎಲ್ಲಿ? ಆದರೆ ಆ ಹುಣ್ಣಿಮೆಗೆ ಕೆಲವೇ ದಿನ ಮುಂಚೆ ನೆರೆಮನೆಯ ತೆಲುಗು ಹೆಂಗಸರು ಬತುಕಮ್ಮನನ್ನು ನೀರಿಗೆ ಬಿಟ್ಟು, ಹುಳಿಯನ್ನ, ಮೊಸರನ್ನ, ಎಳ್ಳಿನ ಅನ್ನ, ಮಲೀದಗಳನ್ನು ಹಂಚಿರುತ್ತಾರೆ. ರೊಟ್ಟಿಯನ್ನು ಮುರಿದು ಬೆಲ್ಲದೊಡನೆ ತಿಕ್ಕಿ ಮಾಡುವ ಈ ಮಲೀದವೇ ನಮ್ಮ ಸೀಮೆಯಲ್ಲಿ ಮೊಹರಮ್ಮಿಗೂ ದರ್ಗಾಗಳಿಗೂ ಸಲ್ಲುವ ಮಾಲದಿ. ಪದ ಪಾರಸಿಯದು, ತಿಕ್ಕಿದ್ದು ಎಂದು ಅರ್ಥ. ದೇವಿಗೂ ಪೀರನಿಗೂ ಒಂದೇ ತಿನಿಸು ಸಲ್ಲುತ್ತಿದ್ದ ನಾಡಿದು.

ಹಂಚಿ ಉಣ್ಣುವುದಕ್ಕೆ ಎಲ್ಲೆಗಳಿದ್ದುವೆಂಬುದನ್ನು ಮರೆಮಾಚಬಾರದು. ಬೇಯಿಸಿದ ಅನ್ನ ದಾಟದ ಹೊಸ್ತಿಲುಗಳಿದ್ದವು. ಅಲ್ಲಿಗೆ ಅಕ್ಕಿ ಬೇಳೆಗಳ ಸೀದಾ ಮಾತ್ರ ಹೋಗುತ್ತಿತ್ತು. ಬಡ ಹುಡುಗರನ್ನು ಓದಿಸಿದ ವಾರಾನ್ನ ದೊಡ್ಡ ಉಪಕಾರವೇ, ಆದರೆ ಅದು ಹೆಚ್ಚಾಗಿ ಸ್ವಜಾತಿಯ ಹುಡುಗನಿಗೆ ಸಲ್ಲುತ್ತಿದ್ದ ಉಪಕಾರ. ಹನ್ನೆರಡನೆಯ ಶತಮಾನದಲ್ಲಿ ಶರಣರು ದಾಸೋಹವನ್ನು ಕಟ್ಟಿದ ಕಲ್ಯಾಣ ಇದೇ ಸಂಸ್ಥಾನದ ಬೀದರ ಜಿಲ್ಲೆಯಲ್ಲಿತ್ತೆಂಬುದನ್ನು ನೆನೆದಾಗ ಈ ಸಂಗತಿ ಇನ್ನಷ್ಟು ಚುಚ್ಚುತ್ತದೆ.

1956ರ ನವೆಂಬರ್ 1, ಅದೂ ಶರತ್ತಿನಲ್ಲಿಯೇ, ಸಂಸ್ಥಾನವನ್ನು ಮೂರು ಪಾಲು ಮಾಡಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ಉಳಿದವು ಆಂಧ್ರಪ್ರದೇಶಕ್ಕೆ. ಅನೇಕ ಕನ್ನಡ ನೌಕರರು ಬೆಂಗಳೂರಿಗೆ ಹೊರಟರು. ಉಳಿದವರು ನಿಂತಲ್ಲೇ ಹೊರನಾಡ ಕನ್ನಡಿಗರಾದರು. ಏಕೀಕರಣದ ಸಂಭ್ರಮದಲ್ಲಿ ಈ ಮನೆಗಳನ್ನು ನೆನೆದವರು ಕಡಿಮೆ. ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್. ರಾಯಚೂರಿನ ಗದ್ವಾಲ, ಆಲಂಪುರ. ಬೀದರದ ಜಹೀರಾಬಾದು, ನಾರಾಯಣಖೇಡ ಆಂಧ್ರದ ಪಾಲಾದವು. ಅಂದಿನವರೆಗೆ ಒಂದೇ ಜಿಲ್ಲೆಯದಾಗಿದ್ದ ತೊಗರಿ ಇಂದು ಎರಡು ಭೌಗೋಳಿಕ ಸೂಚಕಗಳನ್ನು ಪಡೆದಿದೆ: ಕಲಬುರಗಿಯದು 2019ರಲ್ಲಿ, ತಾಂಡೂರಿನದು 2022ರಲ್ಲಿ. ಬೇಳೆ ಬೆಂದ ಮೇಲೆ ಯಾವುದು ಯಾವುದೆಂದು ಹೇಳಬಲ್ಲ ನಾಲಿಗೆಯನ್ನು ನಾವಿನ್ನೂ ಕಂಡಿಲ್ಲ.

ತಾಟನ್ನು ಬದಲಿಸಿದ್ದು ಈ ಗಡಿಗಿಂತ ಹೆಚ್ಚಾಗಿ ಅಕ್ಕಿ. 1983ರಲ್ಲಿ ಅಧಿಕಾರಕ್ಕೆ ಬಂದ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡಿಸಿದರು. ಹಸಿದವರಿಗೆ ಅದು ವರವಾಯಿತು, ಸಂದೇಹವಿಲ್ಲ. ಆದರೆ ರಾತ್ರಿಯೂಟದ ಜೋಳ ಹಿಂದೆ ಸರಿಯಿತು, ಜೋಳದೊಡನೆ ಹೊಲದ ಬದುವಿನ ಪುಂಡಿಯೂ. ಅದೇ ವರ್ಷ ಜಹೀರಾಬಾದಿನ ಬಳಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ದಲಿತ ಹೆಂಗಸರು ಬೀಳುಬಿದ್ದ ನೆಲವನ್ನು ಹಸನು ಮಾಡಿ ಜೋಳ, ಸಜ್ಜೆ, ನವಣೆಗಳನ್ನು ಮತ್ತೆ ಬಿತ್ತಿದರು; ಮುಂದೆ ರೇಷನ್ ಅಂಗಡಿಗೆ ಬದಲಾಗಿ ತಮ್ಮದೇ ಸಿರಿಧಾನ್ಯ ವಿತರಣೆಯನ್ನೂ ನಡೆಸಿದರು. ಪಂಡಿತರು ‘ಆಹಾರ ಸ್ವಾಯತ್ತತೆ’ ಎನ್ನುವುದನ್ನು ಅವರು ಬೀಜದ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದರು.

ಇಂದು ಸಂಜೆ ಹೈದರಾಬಾದಿನ ಪಾದಚಾರಿ ಮಾರ್ಗಗಳಲ್ಲಿ ಹೆಂಗಸರು ಒಲೆ ಹೂಡಿ ಜೊನ್ನ ರೊಟ್ಟೆ ಬಡಿಯುತ್ತಾರೆ. ಸಕ್ಕರೆ ಕಾಯಿಲೆಯವರು, ಸಾಫ್ಟ್‌ವೇರಿನವರು, ಕನ್ನಡದವರು ಒಂದೇ ಸಾಲಿನಲ್ಲಿ ನಿಂತು ಕಟ್ಟಿಸಿಕೊಂಡು ಹೋಗುತ್ತಾರೆ. ರೊಟ್ಟಿ ಮರಳಿತು, ಸೊಪ್ಪಿನ ಹೆಸರು ಮರಳಲಿಲ್ಲ. ಬಾಟಲಿಯ ಉಪ್ಪಿನಕಾಯಿಯಲ್ಲಿ, ಮೊಬೈಲಿನಲ್ಲಿ ತರಿಸುವ ತರಕಾರಿಯ ಪಟ್ಟಿಯಲ್ಲಿ ಅದು ಎಲ್ಲೆಡೆ ಗೋಂಗೂರವೇ. ಪುಂಟಿಕೂರ ಎಂದರೆ ನಗರದ ತೆಲುಗು ಮಕ್ಕಳೇ ಕಣ್ಣರಳಿಸುತ್ತಾರೆ. ಕನ್ನಡ ಮನೆಗಳಲ್ಲಿ ಅಜ್ಜಿ ಪುಂಡಿ ತರಿಸು ಎನ್ನುತ್ತಾಳೆ. ಕನ್ನಡ ಓದಲು ಬಾರದ ಮೊಮ್ಮಗಳು ಗೋಂಗೂರ ಎಂದು ಒತ್ತಿ ತರಿಸುತ್ತಾಳೆ. ಪಲ್ಯಕ್ಕೆ ಜೋಳದ ನುಚ್ಚು ಹಾಕುವುದನ್ನು ಮಾತ್ರ ಇಬ್ಬರೂ ಇನ್ನೂ ಬಿಟ್ಟಿಲ್ಲ.